ವಿಲೀನದ ಮರುದಿನ ಬೆಳಿಗ್ಗೆ

ನಾನು ಕಾನೂನು ಕಾಲೇಜಿಗೆ ಸೇರಿದ್ದು ದೇಶವನ್ನು ತಿದ್ದುವುದಕ್ಕೆ. ಈ ವಾಕ್ಯವನ್ನು ಇಂದು ಬರೆಯುವಾಗಲೂ ನನಗೆ ಸಂಕೋಚವಿಲ್ಲ. ಪದವಿಯ ವರ್ಷಗಳನ್ನು ಚರ್ಚಾಸ್ಪರ್ಧೆಯ ವೇದಿಕೆಗಳ ಮೇಲೆ ಕಳೆದವಳು ನಾನು. ಪರವೋ ವಿರೋಧವೋ ಎಂದು ಚೀಟಿ ಎತ್ತಿದ ಮೇಲೆ, ಕೊಟ್ಟ ಐದು ನಿಮಿಷದೊಳಗೆ ಸಭೆಯನ್ನು ನನ್ನ ಕಡೆಗೆ ತಿರುಗಿಸಿಕೊಳ್ಳಬಲ್ಲೆನೆಂಬ ನಂಬಿಕೆ ನನಗಿತ್ತು. ಸಂವಿಧಾನ, ಮೂಲಭೂತ ಹಕ್ಕು, ಸಾರ್ವಜನಿಕ ಹಿತಾಸಕ್ತಿಯ ಅರ್ಜಿ, ಇವು ಮಾತ್ರವೇ ಕಾನೂನೆಂದೂ ಉಳಿದದ್ದು ವ್ಯಾಪಾರಿಗಳ ಅನುಕೂಲವೆಂದೂ ತಿಳಿದಿದ್ದೆ. ಕಂಪನಿಗಳ ವಿಲೀನ ಮತ್ತು ಸ್ವಾಧೀನದ ಕಾನೂನಂತೂ ಹಣವಂತರು ತಮ್ಮತಮ್ಮೊಳಗೆ ಆಡಿಕೊಳ್ಳುವ ಆಟವೆಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು.

ಆ ಕಾನೂನು ಒಂದು ಮಧ್ಯಾಹ್ನ ಅಂಚೆಯಲ್ಲಿ ನಮ್ಮ ಮನೆಗೇ ಬಂದಿತು.

ನಮ್ಮದು ಜಯನಗರದ ಒಂಬತ್ತನೆಯ ಬ್ಲಾಕಿನ ಬಾಡಿಗೆ ಮನೆ. ನನ್ನ ಚಿಕ್ಕಮ್ಮ, ಅಂದರೆ ಅಮ್ಮನ ತಂಗಿ, ನಮ್ಮೊಡನೆಯೇ ಇದ್ದಳು. ಚಿಕ್ಕಪ್ಪ ಜೆ.ಪಿ. ನಗರದ ಆಚೆಗಿದ್ದ ವಿದ್ಯುತ್ ಸ್ವಿಚ್ಚುಗಳ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿದ್ದವರು. ಕಂಪನಿ ಸಾರ್ವಜನಿಕರಿಗೆ ಷೇರು ಮಾರಿದಾಗ ನೌಕರರ ಪಾಲೆಂದು ಅವರಿಗೂ ಒಂದಿಷ್ಟು ಷೇರು ಸಿಕ್ಕಿತ್ತು. ಅವರು ತೀರಿಕೊಂಡ ಮೇಲೆ ಷೇರು ಚಿಕ್ಕಮ್ಮನ ಹೆಸರಿಗೆ ಬಂತು. ಅವಳಿಗೆ ಅದೇ ಕಾರ್ಖಾನೆಯ ಶಿಶುಗೃಹದಲ್ಲಿ ಕೆಲಸವೂ ಸಿಕ್ಕಿತು. ಸ್ವಿಚ್ಚು ಜೋಡಿಸುವ ಹೆಂಗಸರು ಬೆಳಿಗ್ಗೆ ಗೇಟಿನೊಳಗೆ ಬಂದು, ಕೂಸುಗಳನ್ನು ಅವಳ ಕೈಗೆ ಕೊಟ್ಟು, ಸಾಲಾಗಿ ತಮ್ಮ ಬೆಂಚುಗಳಿಗೆ ಹೋಗುತ್ತಿದ್ದರು. ಚಿಕ್ಕಮ್ಮನಿಗೆ ಸ್ವಂತ ಮಕ್ಕಳಿರಲಿಲ್ಲ. ಆ ಉದ್ದನೆಯ ಕೋಣೆ, ಕೊಕ್ಕೆಗಳಿಗೆ ನೇತುಹಾಕಿದ ಸೀರೆಯ ಜೋಲಿಗಳು, ಹಾಲಿನ ಬಟ್ಟಲುಗಳು, ಇವೇ ಅವಳ ಹಗಲುಗಳಾಗಿದ್ದವು.

ಅಂಚೆಯಲ್ಲಿ ಬಂದದ್ದು ಷೇರುದಾರಳಾಗಿ ಅವಳಿಗೆ ಬಂದ ದಪ್ಪನೆಯ ಪುಸ್ತಿಕೆ. ಮುಂಬಯಿಯ ದೊಡ್ಡ ಕಂಪನಿಯೊಂದರಲ್ಲಿ ಈ ಕಂಪನಿ ವಿಲೀನವಾಗಲಿದೆ. ಉಚ್ಚ ನ್ಯಾಯಾಲಯದ ಆಜ್ಞೆಯ ಮೇರೆಗೆ ಷೇರುದಾರರ ಸಭೆ ನಡೆಯಲಿದೆ. ಒಪ್ಪುವಿರೋ ಇಲ್ಲವೋ ಬಂದು ಮತ ಹಾಕಿ, ಎಂಬುದು ಅದರ ಸಾರಾಂಶ. ಚಿಕ್ಕಮ್ಮ ಅದನ್ನು ಎರಡು ಬಾರಿ ತಿರುಗಿಸಿ ನೋಡಿ ನನ್ನ ಮಡಿಲಿಗೆ ಹಾಕಿದಳು.

“ತಗೋ ಲಾಯರಮ್ಮ. ಫೀಸ್ ಕಟ್ಟಿದ್ದಕ್ಕೆ ಇದನ್ನಾದ್ರೂ ಓದಿ ಹೇಳು. ನನ್ನ ಕೆಲಸ ಇರತ್ತಾ, ಹೋಗತ್ತಾ?”

ಕಾಲೇಜಿಗೆ ಸೇರಿ ಆಗಿನ್ನೂ ಕೆಲವೇ ತಿಂಗಳಾಗಿತ್ತು. ಕಂಪನಿ ಕಾನೂನು ಎರಡನೆಯ ವರ್ಷದ ವಿಷಯ. ಅದನ್ನು ಕಲಿಸುತ್ತಿದ್ದ ಮೇಷ್ಟ್ರು ವಕೀಲಿಕೆ ನಡೆಸುತ್ತಿದ್ದವರು. ಬೆಳಗಿನ ಮೊದಲ ತರಗತಿ ಮುಗಿಸಿ, ಕರಿಯ ಕೋಟನ್ನು ಸ್ಕೂಟರಿನ ಹ್ಯಾಂಡಲಿಗೆ ಸಿಕ್ಕಿಸಿಕೊಂಡು ಕೋರ್ಟಿಗೆ ಓಡುತ್ತಿದ್ದರು. ಮರುದಿನ ನಾನು ಹಿರಿಯರ ತರಗತಿಯ ಕೊನೆಯ ಬೆಂಚಿನಲ್ಲಿ ಹೋಗಿ ಕುಳಿತೆ.

“ಏನಮ್ಮ, ಫಸ್ಟ್ ಇಯರ್ ಅಲ್ವಾ ನೀನು? ದಾರಿ ತಪ್ಪಿ ಬಂದ್ಯಾ?”

“ಇಲ್ಲ ಸರ್. ನಮ್ಮ ಚಿಕ್ಕಮ್ಮನ ಕಂಪನಿ ಮರ್ಜ್ ಆಗ್ತಿದೆ.”

ತರಗತಿ ನಕ್ಕಿತು. ಮೇಷ್ಟ್ರು ನಗಲಿಲ್ಲ. ಪುಸ್ತಿಕೆಯನ್ನು ತರಿಸಿಕೊಂಡು, ಕನ್ನಡಕವನ್ನು ಹಣೆಗೇರಿಸಿ ಪುಟಗಳನ್ನು ತಿರುವಿದರು. ಆ ವಾರ ಹೇಳಬೇಕೆಂದಿದ್ದ ಪಾಠವನ್ನು ಬದಿಗಿಟ್ಟು ಇದನ್ನೇ ಪಾಠ ಮಾಡಿಕೊಂಡರು.

“ನಿಮ್ಮ ಸ್ಕೂಟರ್ ಮಾರ್ಬೇಕಂದ್ರೆ ಆರ್‌ಟಿಓಗೆ ಹೋಗ್ಬೇಕು. ಸೈಟ್ ಮಾರ್ಬೇಕಂದ್ರೆ ಸಬ್ ರಿಜಿಸ್ಟ್ರಾರ್ ಆಫೀಸು. ಫೋನು ಮಗನ ಹೆಸರಿಗೆ ಮಾಡಿಸ್ಬೇಕಂದ್ರೆ ಅರ್ಧ ಆಯುಷ್ಯ. ಇಲ್ಲಿ ನೋಡಿ. ಜಡ್ಜ್ ಒಂದು ಸೈನ್ ಹಾಕಿದ್ರೆ ಜಮೀನು, ಮೆಷೀನು, ಬೋರ್‌ವೆಲ್ಲು, ಬ್ಯಾಂಕ್ ಸಾಲ, ಕೋರ್ಟಲ್ಲಿರೋ ಕೇಸು, ಗೇಟಲ್ಲಿ ಮಲಗಿರೋ ನಾಯಿ, ಎಲ್ಲಾ ಒಂದೇ ಏಟಿಗೆ ಆ ಕಡೆ ದಾಟಿಬಿಡತ್ತೆ. ಆಮೇಲೆ ಈ ಕಂಪನಿ?”

“ಮುಚ್ಚತ್ತೆ ಸರ್,” ಎಂದಿತು ಒಂದು ದನಿ.

“ಮುಚ್ಚಲ್ಲ. ಮುಚ್ಚಬೇಕಂದ್ರೆ ಆಸ್ತಿ ಮಾರ್ಬೇಕು, ಸಾಲ ತೀರಿಸ್ಬೇಕು, ಅದಕ್ಕೆ ವರ್ಷಗಟ್ಟಲೆ ಬೇಕು. ವೈಂಡಿಂಗ್ ಅಪ್ ಅಂತಾರೆ. ಇಲ್ಲಿ ವೈಂಡಿಂಗ್ ಅಪ್ ಇಲ್ದೆ ಡಿಸಾಲ್ವ್ ಆಗತ್ತೆ. ಹೆಣ ಇಲ್ಲ, ತಿಥಿ ಇಲ್ಲ. ಆದ್ರೆ ಕಂಪನಿ ಇಲ್ಲ.”

ವೇದಿಕೆಯ ಮೇಲೆ ಮಾತಿನ ಶಕ್ತಿಯ ಬಗ್ಗೆ ಎಷ್ಟೋ ಬಾರಿ ಮಾತನಾಡಿದ್ದೆ; ಆದರೆ ಮಾತು ನಿಜವಾಗಿ ಏನನ್ನಾದರೂ ಕದಲಿಸಿದ್ದನ್ನು ಕಂಡಿರಲಿಲ್ಲ. ನನ್ನ ಅತ್ಯುತ್ತಮ ಭಾಷಣವೂ ಒಂದು ಕುರ್ಚಿಯನ್ನು ಇಲ್ಲಿಂದ ಅಲ್ಲಿಗೆ ಸರಿಸಿರಲಿಲ್ಲ. ಇಲ್ಲಿ ಒಂದು ವಾಕ್ಯ ಇಡೀ ಕಾರ್ಖಾನೆಯನ್ನು, ಅದರ ನೆಲ, ಅದರ ಜಗಳ, ಅದರ ನೀರಿನ ಸಮೇತ, ಒಂದು ಇಟ್ಟಿಗೆಯನ್ನೂ ಅಲುಗಿಸದೆ ಎತ್ತಿ ಬೇರೊಬ್ಬರ ಕೈಗಿಡುತ್ತಿತ್ತು.

ಇನ್ನೊಂದು ಸಂಗತಿ ಅದಕ್ಕಿಂತಲೂ ವಿಚಿತ್ರವಾಗಿತ್ತು. ನ್ಯಾಯಾಲಯ ಮುಂದೆಂದೋ ಒಪ್ಪಿಗೆ ಕೊಟ್ಟರೂ ವಿಲೀನವು ಕಳೆದ ಏಪ್ರಿಲಿನಿಂದಲೇ ಆಗಿದೆಯೆಂದು ಭಾವಿಸತಕ್ಕದ್ದು ಎಂದು ಪುಸ್ತಿಕೆ ಹೇಳಿತ್ತು. ಕಾನೂನು ಕಳೆದ ಕಾಲಕ್ಕೂ ಕೈಚಾಚಬಲ್ಲದು! ಸಂಜೆ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದ ಚಿಕ್ಕಮ್ಮನಿಗೆ ಇದನ್ನು ವಿವರಿಸಿದೆ.

“ಅಂದ್ರೆ ಏಪ್ರಿಲ್‌ನಿಂದ ನಾನು ಯಾರ ಮಕ್ಕಳನ್ನ ತೂಗ್ತಾ ಇದೀನೇ?” ಎಂದು ಅವಳು ಗಾಬರಿಯನ್ನು ನಟಿಸಿದಳು. ಆಮೇಲೆ ಚಾಕುವನ್ನು ಕೆಳಗಿಟ್ಟಳು. “ನಾನು ಕೇಳಿದ್ದಕ್ಕೆ ಉತ್ತರ ಕೊಡು. ಕೆಲಸ ಇರತ್ತಾ?”

“ಇರತ್ತೆ ಚಿಕ್ಕಮ್ಮ. ಇಲ್ಲೇ ಇದೆ. ಕಂಪನಿಯ ನೌಕರರೆಲ್ಲರೂ ಹೊಸ ಕಂಪನಿಯ ನೌಕರರಾಗ್ತಾರೆ, ಸೇವೆ ಒಂದು ದಿನಾನೂ ತುಂಡಾಗಲ್ಲ ಅಂತ.”

“ನಾನು ಕಂಪನಿ ನೌಕರಳಲ್ಲ ಕಣೆ. ನಮಗೆ ಸಂಬಳ ಕೊಡೋದು ಮಹಿಳಾ ಕಲ್ಯಾಣ ಸಮಿತಿ. ಅದರ ಲೆಕ್ಕಾನೇ ಬೇರೆ.”

ನಾನು ಪುಸ್ತಿಕೆಯನ್ನು ಮೊದಲಿನಿಂದ ಮತ್ತೆ ಓದಿದೆ. ಬೋರ್‌ವೆಲ್ ಇತ್ತು, ಸೈಕಲ್ ಸ್ಟ್ಯಾಂಡ್ ಇತ್ತು, ಕ್ಯಾಂಟೀನಿನ ಪಾತ್ರೆಗಳು ಇದ್ದವು. ಕಲ್ಯಾಣ ಸಮಿತಿ ಎಲ್ಲಿಯೂ ಇರಲಿಲ್ಲ. ಯಾರೂ ದ್ವೇಷದಿಂದ ಬಿಟ್ಟದ್ದಲ್ಲ. ಮುಂಬಯಿಯಲ್ಲಿ ಕುಳಿತು ಬರೆದವರಿಗೆ ಅಂಥದ್ದೊಂದು ಇದೆಯೆಂದು ಗೊತ್ತೇ ಇರಲಿಲ್ಲ. ಎಲ್ಲವನ್ನೂ ಎತ್ತಿ ದಾಟಿಸುವ ಆ ಮಹಾವಾಕ್ಯ, ಅದರೊಳಗೆ ಹೆಸರಿಲ್ಲದ್ದನ್ನು ಈ ದಡದಲ್ಲೇ ಬಿಟ್ಟು ಹೋಗುತ್ತಿತ್ತು. ಅಷ್ಟು ದೊಡ್ಡ ಶಕ್ತಿ ಅಷ್ಟು ಸಣ್ಣ ಮರೆವಿನ ಮೇಲೆ ನಿಂತಿದೆಯೆಂಬುದೇ ನನ್ನನ್ನು ಮೂಕಳನ್ನಾಗಿ ಮಾಡಿತು.

ಮೇಷ್ಟ್ರನ್ನು ಕೇಳಿದೆ. ಅವರು ಸ್ಕೂಟರಿಗೆ ಒದೆಯುತ್ತಲೇ ಉತ್ತರಿಸಿದರು. “ಶಿಶುಗೃಹ ಇರಲೇಬೇಕು ಅಂತ ಫ್ಯಾಕ್ಟರಿ ಕಾಯ್ದೆ ಹೇಳತ್ತೆ. ಅಲ್ಲಿ ಯಾರು ಕೂತ್ಕೋಬೇಕು ಅಂತ ಹೇಳಲ್ಲ. ಹೊಸಬರು ಯಾರೋ ಕಂಟ್ರಾಕ್ಟರ್‌ಗೆ ಕೊಟ್ರೆ ನಿಮ್ಮ ಚಿಕ್ಕಮ್ಮ ಮನೇಲಿ. ಮೀಟಿಂಗಲ್ಲಿ ಎತ್ತಬೇಕಮ್ಮ ಇದನ್ನ. ಅಲ್ಲಿ ಎರಡು ಲೆಕ್ಕ ಇರತ್ತೆ, ಗೊತ್ತಾ? ಷೇರಿನ ಬೆಲೇಲಿ ಮುಕ್ಕಾಲು ಭಾಗ ಒಪ್ಬೇಕು. ಅದು ಸಾಲ್ದು ಅಂತ, ತಲೆ ಎಣಿಕೇಲೂ ಅರ್ಧಕ್ಕಿಂತ ಜಾಸ್ತಿ ಒಪ್ಬೇಕು. ಆ ಎರಡನೇ ಲೆಕ್ಕದಲ್ಲಿ ನಿಮ್ಮ ಚಿಕ್ಕಮ್ಮನೂ ಒಂದು ತಲೆ, ಆ ಕಂಪನಿ ಯಜಮಾನನೂ ಒಂದೇ ತಲೆ.”

ಸಂವಿಧಾನದ ಪುಟಗಳಲ್ಲಿ ನಾನು ಹುಡುಕುತ್ತಿದ್ದ ಸಮಾನತೆ ವ್ಯಾಪಾರದ ಕಾಯ್ದೆಯೊಳಗೆ ಹೀಗೆ ಸದ್ದಿಲ್ಲದೆ ಕುಳಿತಿತ್ತು. ಅಂದು ಜಯನಗರದ ನಾಲ್ಕನೆಯ ಬ್ಲಾಕಿನಲ್ಲಿ ಬಸ್ಸಿಳಿದವಳು, ಕಾಂಪ್ಲೆಕ್ಸಿನ ಸುತ್ತ ಸುಮ್ಮನೆ ನಡೆದೆ. ಹೂವಿನವರು, ತರಕಾರಿಯವರು, ಪಿಂಚಣಿಯ ಮಾತಾಡುತ್ತ ನಿಂತ ಹಿರಿಯರು, ಎಲ್ಲರೂ ನನಗೆ ಅಂದು ಒಂದೊಂದು ತಲೆಯಾಗಿ, ಎಣಿಕೆಗೆ ಸಲ್ಲುವವರಾಗಿ ಕಂಡರು.

“ಎತ್ತಬೇಕು” ಎಂದರೆ ಮಾತನಾಡಬೇಕು, ಮಾತನಾಡಬೇಕೆಂದರೆ ನಾನು. ಇದರಲ್ಲಿ ನನಗೆ ಯಾವ ಅನುಮಾನವೂ ಬರಲಿಲ್ಲ. ಪುಸ್ತಿಕೆಯ ಕೊನೆಯಲ್ಲಿ ಪ್ರಾಕ್ಸಿ ಅರ್ಜಿಯಿತ್ತು. ಷೇರುದಾರರು ತಮ್ಮ ಬದಲಿಗೆ ಇನ್ನೊಬ್ಬರನ್ನು ಕಳುಹಿಸಬಹುದಿತ್ತು. ಚಿಕ್ಕಮ್ಮನಿಂದ ಸಹಿ ಮಾಡಿಸಿ ಮುಂಚಿತವಾಗಿಯೇ ಕಂಪನಿಯ ಕಚೇರಿಗೆ ತಲುಪಿಸಿದೆ. ನಂತರ ಭಾಷಣವನ್ನು ಕಟ್ಟಿದೆ. ಆರಂಭದಲ್ಲಿ ಬಂಡವಾಳದ ಮರೆಗುಳಿತನ, ನಡುವೆ ಎದುರಾಳಿಯ ಸಂಭಾವ್ಯ ವಾದಗಳಿಗೆ ಖಂಡನೆ, ಕೊನೆಗೆ ಜೋಲಿಗಳ ಚಿತ್ರ. ಕನ್ನಡಿಯ ಮುಂದೆ ನಿಂತು ಕೈಯನ್ನು ಎಲ್ಲಿ ಎತ್ತಬೇಕೆಂಬುದನ್ನೂ ನಿಶ್ಚಯಿಸಿದೆ. ವಿಲೀನವನ್ನು ಸೋಲಿಸುವುದೇ ನನ್ನ ಗುರಿಯಾಗಿತ್ತು.

“ಸೋತ್ರೆ ಕಾರ್ಖಾನೆ ಏನಾಗತ್ತೆ?” ಎಂದು ಚಿಕ್ಕಮ್ಮ ಒಮ್ಮೆ ಕೇಳಿದಳು. “ಸ್ವಿಚ್ಚು ಮಾರಾಟವಾಗ್ದೆ ಗೋಡೌನಲ್ಲಿ ಹಂಗಂಗೇ ಬಿದ್ದಿದೆ ಕಣೆ.”

ಅದು ಮುಂದಿನ ಪ್ರಶ್ನೆ ಎಂದು ನಾನು ಹೇಳಿದೆ.

ಸಭೆ ನಡೆದದ್ದು ಬನಶಂಕರಿಯ ಒಂದು ಕಲ್ಯಾಣಮಂಟಪದಲ್ಲಿ. ಹಿಂದಿನ ದಿನದ ಮದುವೆಯ ತೋರಣ ಬಾಗಿಲಲ್ಲಿ ಇನ್ನೂ ಹಸಿರಾಗಿತ್ತು; ವಧೂವರರ ಕುರ್ಚಿಗಳಿದ್ದ ಜಾಗದಲ್ಲಿ ಬಿಳಿ ಬಟ್ಟೆ ಹೊದಿಸಿದ ಮೇಜು. ನ್ಯಾಯಾಲಯವೇ ನೇಮಿಸಿದ್ದ ಹಿರಿಯ ವಕೀಲರೊಬ್ಬರು ಅಧ್ಯಕ್ಷರಾಗಿ ಮಧ್ಯದಲ್ಲಿ ಕುಳಿತಿದ್ದರು. ಅವರ ಎಡಬಲಕ್ಕೆ ಕಂಪನಿಯ ನಿರ್ದೇಶಕರು ಮತ್ತು ಅವರ ವಕೀಲ. ಕೆಳಗೆ ಬಹುಪಾಲು ಜಯನಗರ, ಬಸವನಗುಡಿಯ ನಿವೃತ್ತರು. ಚಿಕ್ಕಮ್ಮ ನನ್ನ ಭಾಷಣ ಕೇಳಲೆಂದು ರಜೆ ಹಾಕಿ ಬಂದಿದ್ದಳು. ಬಾಗಿಲಲ್ಲಿ ಯಾವುದಕ್ಕೂ ಸಹಿ ಮಾಡದೆ, ನೀರಿನ ಬಾಟಲಿ ಹಿಡಿದು ಕೊನೆಯ ಸಾಲಿನಲ್ಲಿ ಕುಳಿತಳು.

ನನ್ನ ಪಕ್ಕದಲ್ಲಿ ಮಫ್ಲರ್ ಸುತ್ತಿದ್ದ ಹಿರಿಯರೊಬ್ಬರು ಕುಳಿತಿದ್ದರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಇಂಥ ಒಂದು ಸಭೆಯನ್ನೂ ತಪ್ಪಿಸಿಕೊಂಡಿಲ್ಲವೆಂದು ತಾವೇ ಹೇಳಿಕೊಂಡರು.

“ಜಾಗ ಚೆನ್ನಾಗಿ ನೋಡಿದಾರೆ ಬಿಡಿ. ಎರಡು ಕಂಪನಿ ಮದುವೆ, ಛತ್ರದಲ್ಲೇ. ಹುಡುಗಿ ಯಾರು ಗೊತ್ತಾ?”

“ಯಾರು ಸಾರ್?”

“ಹೆಸರು ಬದಲಾಯಿಸ್ಕೊಳ್ಳೋದು ಯಾರೋ ಅವರು.” ತಮ್ಮ ಮಾತಿಗೆ ತಾವೇ ನಕ್ಕು, ಹಿಂದಕ್ಕೆ ತಿರುಗಿ ಯಾರನ್ನೋ ಕೇಳಿದರು, “ಊಟ ಇಲ್ವಂತಾ? ಕಾಫಿನಾದ್ರೂ?”

“ಕೋರ್ಟ್ ಮೀಟಿಂಗ್ ಸ್ವಾಮಿ. ಕಾಫಿನೂ ಇಲ್ಲ.”

“ಥೂ, ಇದೆಂಥಾ ಬೀಗರು!”

ಪ್ರಶ್ನೆಗಳಿದ್ದವರು ಕೇಳಬಹುದೆಂದು ಅಧ್ಯಕ್ಷರು ಸೂಚಿಸಿದರು. ನಾನು ಎದ್ದು, ಮೈಕಿನ ಬಳಿಗೆ ನಡೆದು, ಸಭೆಯನ್ನು ಒಮ್ಮೆ ಎಡದಿಂದ ಬಲಕ್ಕೆ ನೋಡಿದೆ. ನಿರ್ಣಾಯಕರಿಗೆ ಇದು ಹಿಡಿಸುತ್ತದೆಂದು ಕಲಿತಿದ್ದೆ.

“ಮಾನ್ಯ ಅಧ್ಯಕ್ಷರೇ, ಇಂದು ಈ ಸಭಾಂಗಣದಲ್ಲಿ ನಾವು ಒಂದು ಕಂಪನಿಯ ಭವಿಷ್ಯವನ್ನಷ್ಟೇ ಅಲ್ಲ...”

“ಒಂದು ನಿಮಿಷಮ್ಮ,” ಎಂದರು ಅಧ್ಯಕ್ಷರು. “ನೀವು ಸದಸ್ಯರಾ, ಪ್ರಾಕ್ಸಿನಾ?”

“ಪ್ರಾಕ್ಸಿ ಸರ್.”

“ಪ್ರಾಕ್ಸಿ ಓಟ್ ಹಾಕಬಹುದು. ಮಾತಾಡೋ ಹಾಗಿಲ್ಲ. ಕಾಯ್ದೇಲೇ ಹಾಗಿದೆ.”

ಇಷ್ಟನ್ನು ಅವರು ಮೆಲ್ಲಗೆ, ಬೇಸರವಿಲ್ಲದೆ ಹೇಳಿದರು. ಮತ ಹಾಕುವ ಅಧಿಕಾರವನ್ನು ಇನ್ನೊಬ್ಬರಿಗೆ ಕೊಡಬಹುದು, ಮಾತಿನ ಅಧಿಕಾರವನ್ನು ಕೊಡಲಾಗದು. ಕಾಯ್ದೆಯ ಈ ಸಾಲನ್ನು ನಾನು ಓದಿರಲಿಲ್ಲ. ಬಾಯಿಯ ಬಲದಿಂದಲೇ ಬೆಳೆದವಳು ಮೈಕಿನ ಮುಂದೆ ಬಾಯಿ ತೆರೆದೇ ನಿಂತಿದ್ದೆ.

“ಸದಸ್ಯರು ಯಾರು?”

“ನಮ್ಮ ಚಿಕ್ಕಮ್ಮ ಸರ್.”

“ಬರೋಕಾಗಲಿಲ್ವಾ ಅವರಿಗೆ?”

“ಬಂದಿದಾರೆ ಸರ್. ಹಿಂದೆ ಕೂತಿದಾರೆ.”

ಇಡೀ ಮಂಟಪ ಹಿಂದಕ್ಕೆ ತಿರುಗಿತು. ಚಿಕ್ಕಮ್ಮ ನೀರು ಕುಡಿಯುತ್ತಿದ್ದವಳು ಬಾಟಲಿಯನ್ನು ಬಾಯಿಂದ ತೆಗೆದಳು.

“ಅವರೇ ಇದ್ಮೇಲೆ ಅವರೇ ಕೇಳಲಿ,” ಎಂದರು ಅಧ್ಯಕ್ಷರು. “ಬನ್ನಿ ಅಮ್ಮ, ಒಂದು ಸೈನ್ ಹಾಕಿ ಮುಂದೆ ಬನ್ನಿ. ನೀವು ಸ್ವತಃ ಬಂದ್ರೆ ಪ್ರಾಕ್ಸಿ ಅಲ್ಲಿಗೆ ಮುಗೀತು.”

ನಾನು ನನ್ನ ಕುರ್ಚಿಗೆ ಮರಳಿದಾಗ ಮಫ್ಲರಿನ ಹಿರಿಯರು ಪುಸ್ತಿಕೆಯ ಒಂದು ಸಾಲಿನ ಮೇಲೆ ಬೆರಳಿಟ್ಟು ನನ್ನತ್ತ ಬಾಗಿದರು. “ವೈಂಡಿಂಗ್ ಅಪ್ ಇಲ್ದೆ ಡಿಸಾಲ್ವ್ ಆದ್ರಲ್ಲಮ್ಮ ನೀವು!”

ಚಿಕ್ಕಮ್ಮ ಮುಂದೆ ಬಂದಳು. ಮೈಕನ್ನು ಮುಟ್ಟಬಾರದ ವಸ್ತುವಿನಂತೆ ದೂರದಲ್ಲಿ ಬಿಟ್ಟು ನಿಂತಳು. ನನ್ನ ಭಾಷಣದ ಹಾಳೆಗಳನ್ನು ಚಾಚಿದೆ, ಅವಳು ನೋಡಲಿಲ್ಲ.

“ನಾನು ಕಾರ್ಖಾನೆ ಶಿಶುಗೃಹದಲ್ಲಿ ಇದೀನಿ ಸಾರ್. ನಮ್ಮ ಹುಡುಗಿ ಈ ಪುಸ್ತಕ ಪೂರ್ತಿ ಓದಿದಾಳೆ. ಅದರಲ್ಲಿ ನಾವಿಲ್ವಂತೆ.”

ಕಂಪನಿಯ ವಕೀಲ ಎದ್ದು ನಿಂತ. “ನೌಕರರೆಲ್ಲರ ಸೇವೆಯೂ ಮುಂದುವರಿಯುತ್ತೆ ಅಂತ ಸ್ಪಷ್ಟವಾಗಿದೆ ಸರ್. ಆತಂಕಕ್ಕೆ ಕಾರಣವೇ ಇಲ್ಲ.”

“ನಾವು ನೌಕರರಲ್ಲ ಸಾರ್. ಕಲ್ಯಾಣ ಸಮಿತಿಯವರು. ನಾನು, ಇನ್ನಿಬ್ಬರು ಆಯಾಗಳು.” ಅವಳು ಒಂದು ಕ್ಷಣ ನಿಂತಳು, ಬಹುಶಃ ಮಾತು ಮುಗಿಯಿತೆಂದುಕೊಂಡಳು. ಆಮೇಲೆ ಏನೋ ಹೊಳೆದವಳಂತೆ ಮುಂದುವರಿಸಿದಳು. “ಬೆಳಿಗ್ಗೆ ಹೆಂಗಸರು ಮಕ್ಕಳನ್ನ ತಂದು ನಮ್ಮ ಕೈಗೆ ಕೊಟ್ಟು ಒಳಗೆ ಹೋಗ್ತಾರೆ. ಕೋರ್ಟ್ ಆರ್ಡರ್ ಆದ ಮಾರನೇ ದಿನ ಬೆಳಿಗ್ಗೆ ಆ ಮಕ್ಕಳನ್ನ ಯಾರು ಇಸ್ಕೋಬೇಕು? ಅಷ್ಟು ಹೇಳಿಬಿಡಿ.”

ವಕೀಲ ಪುಸ್ತಿಕೆಯ ಪುಟಗಳನ್ನು ಮಗುಚಿದ. ನಿರ್ದೇಶಕರಲ್ಲಿ ಇಬ್ಬರು ತಲೆಗೆ ತಲೆ ತಾಗಿಸಿ ಮಾತನಾಡಿಕೊಂಡರು. ಕಾಫಿಯ ಬಗ್ಗೆ ಗೊಣಗುತ್ತಿದ್ದವರೂ ಸುಮ್ಮನಾಗಿದ್ದರು. ನಾನು ಚರ್ಚಾಸ್ಪರ್ಧೆಗಳಲ್ಲಿ ಮೌನವನ್ನು ಉಂಟುಮಾಡಿದ್ದುಂಟು. ಅದು ಚಪ್ಪಾಳೆಗೆ ಮೊದಲಿನ ಮೌನ. ಇದು ಬೇರೆ ಜಾತಿಯದು. ಎಲ್ಲರೂ ಒಂದೇ ಬೆಳಗನ್ನು, ಒಂದೇ ಗೇಟನ್ನು ಕಣ್ಣೆದುರು ಕಾಣುತ್ತಿದ್ದರು.

ಕಡೆಗೆ ವಕೀಲ ಎದ್ದ. ಅವನ ದನಿಯಲ್ಲಿದ್ದ ಬಿಗಿ ಸಡಿಲಿತ್ತು. “ಇದು ನಮ್ಮ ಗಮನಕ್ಕೆ ಬಂದಿರಲಿಲ್ಲ ಸರ್. ಆ ಮೂವರನ್ನೂ ನೌಕರರೆಂದೇ ಪರಿಗಣಿಸ್ತೀವಿ ಅಂತ ಎರಡೂ ಕಂಪನಿಗಳ ಪರವಾಗಿ ಹೇಳೋಕೆ ನನಗೆ ಸೂಚನೆ ಬಂದಿದೆ.”

“ಇಲ್ಲಿ ಹೇಳಿದ್ರೆ ಗಾಳೀಲಿ ಹೋಗತ್ತೆ,” ಎಂದರು ಅಧ್ಯಕ್ಷರು. “ಅಮ್ಮ ಕೇಳಿದ್ದನ್ನೂ ನೀವು ಹೇಳಿದ್ದನ್ನೂ ನನ್ನ ವರದಿಯಲ್ಲಿ ಬರೀತೀನಿ. ಕೋರ್ಟ್ ಮುಂದೆ ನೀವು ಮುಚ್ಚಳಿಕೆ ಕೊಡಿ.” ತಮ್ಮ ಕೈಯಾರೆ ಅವರು ಬರೆದುಕೊಂಡರು. ಬರೆದು ಮುಗಿಸುವವರೆಗೆ ಚಿಕ್ಕಮ್ಮ ಅಲ್ಲಿಂದ ಕದಲಲಿಲ್ಲ.

ಮತಪತ್ರಗಳನ್ನು ಹಂಚಿದರು. ಚಿಕ್ಕಮ್ಮ ಗುರುತು ಹಾಕಿ, ಮಡಿಸಿ, ಪೆಟ್ಟಿಗೆಗೆ ಹಾಕಿದಳು. ಹೊರಗೆ ಆಟೋಗೆ ಕಾಯುತ್ತ ನಿಂತಾಗ ನಾನು ಕೇಳಿದೆ.

“ವಿರೋಧ ತಾನೇ ಹಾಕಿದ್ದು?”

“ಪರ.”

“ಪರನಾ! ನಾವು ಬಂದಿದ್ದೇ ವಿರೋಧ ಮಾಡೋಕಲ್ವಾ?”

“ನೀನು ಬಂದಿದ್ದು ಅದಕ್ಕೆ. ಕಾರ್ಖಾನೆ ನಿಂತೋದ್ರೆ ಆ ಹೆಂಗಸರು ಮಕ್ಕಳನ್ನ ಎಲ್ಲಿಗೆ ತರ್ತಾರೆ? ನನಗೆ ಬೇಕಾಗಿದ್ದು ಕೇಳ್ದೆ, ಬರ್ಕೊಂಡ್ರು. ಇನ್ಯಾಕೆ ವಿರೋಧ?” ಆಟೋದವನಿಗೆ ಕೈ ಮಾಡುತ್ತ ಅವಳೆಂದಳು, “ಮಧ್ಯಾಹ್ನ ಅನ್ನ ಸಾರು ಮಾಡಿದ್ರೆ ಸಾಕಾ?”

ಪರ ಮತ್ತು ವಿರೋಧಗಳ ನಡುವೆ ಇನ್ನೊಂದು ಜಾಗವಿದೆಯೆಂದು ನನಗೆ ಯಾವ ವೇದಿಕೆಯೂ ಕಲಿಸಿರಲಿಲ್ಲ. ಒಪ್ಪುವ ಮೊದಲು ಷರತ್ತನ್ನು ಬರೆಸಿಕೊಳ್ಳುವ ಆ ಜಾಗದಲ್ಲಿ ಎಷ್ಟೊಂದು ಸುಧಾರಣೆಗೆ ಅವಕಾಶವಿದೆ ಎಂಬುದನ್ನು ನೆನೆದರೆ ನನಗೆ ಈಗಲೂ ಅಚ್ಚರಿಯಾಗುತ್ತದೆ. ಎಷ್ಟೋ ವರ್ಷಗಳಿಂದ ನಾನು ಮಾಡಿಕೊಂಡು ಬಂದಿರುವ ಕೆಲಸವೂ ಅದೇ: ವಿಲೀನದ ಯೋಜನೆಗಳನ್ನು ಓದಿ, ಅವುಗಳೊಳಗೆ ಯಾರಿಲ್ಲ ಎಂದು ಹುಡುಕುವುದು.

ನ್ಯಾಯಾಲಯದಲ್ಲಿ ಪ್ರಕರಣ ಬಂದ ದಿನ ಮೇಷ್ಟ್ರು ನನ್ನನ್ನು ಕರೆದುಕೊಂಡು ಹೋದರು. ಕೆಂಪು ಕಟ್ಟಡದ ಎತ್ತರದ ಆ ಕೋಣೆಯಲ್ಲಿ, ಫ್ಯಾನುಗಳ ಸದ್ದಿನ ನಡುವೆ, ನ್ಯಾಯಮೂರ್ತಿಗಳು ವರದಿಯ ಒಂದು ಪುಟದಲ್ಲಿ ಬೆರಳಿಟ್ಟು ಕಂಪನಿಯ ವಕೀಲನನ್ನು ಏನೋ ಕೇಳಿದರು. ಅವನು ಒಂದು ಹಾಳೆಯನ್ನು ಮುಂದಿಟ್ಟ. ಅವರು ಶೀಘ್ರಲಿಪಿಯವರ ಕಡೆಗೆ ತಿರುಗಿ, ಹೆಚ್ಚೇನೂ ದನಿಯೇರಿಸದೆ ಆದೇಶವನ್ನು ಹೇಳಿ ಬರೆಸಿದರು. ಶಿಶುಗೃಹದ ಮೂವರೂ ಹೊಸ ಕಂಪನಿಯ ನೌಕರರಾಗತಕ್ಕದ್ದೆಂಬ ಸಾಲು ಅದರಲ್ಲಿ ಬಂದಾಗ ನಾನು ಮುಂದಿನ ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಕೂಡಲೇ ಮುಂದಿನ ಪ್ರಕರಣವನ್ನು ಕರೆದರು.

“ಅಷ್ಟೇನಾ ಸರ್?” ಎಂದು ಪಿಸುಗುಟ್ಟಿದೆ.

“ಇನ್ನೇನು, ವಾಲಗ ಊದಿಸ್ಬೇಕಿತ್ತಾ?” ಎಂದರು ಮೇಷ್ಟ್ರು.

ಆದೇಶದ ಪ್ರತಿ ಕಂಪನಿಗಳ ನೋಂದಣಿ ಕಚೇರಿಗೆ ಸೇರಿದ ದಿನ ಹಳೆಯ ಕಂಪನಿ ಇಲ್ಲವಾಯಿತು. ಮರುದಿನ ಬೆಳಿಗ್ಗೆ ನಾನು ಕಾಲೇಜಿಗೆ ಹೋಗುವುದನ್ನು ಬಿಟ್ಟು ಚಿಕ್ಕಮ್ಮನೊಡನೆ ಬಸ್ಸು ಹತ್ತಿದೆ. ಏನನ್ನು ನೋಡಲು ಹೊರಟಿದ್ದೆನೋ ನನಗೇ ಸ್ಪಷ್ಟವಿರಲಿಲ್ಲ. ಗೇಟಿನ ಮೇಲೆ ಹಳೆಯ ಹೆಸರೇ ಇತ್ತು. ನಾಯಿ ಅಲ್ಲಿಯೇ ಮಲಗಿತ್ತು. ಯಂತ್ರಗಳು ಆಗತಾನೆ ಗುಂಯ್‌ಗುಡಲು ತೊಡಗಿದ್ದವು. ಇಲ್ಲದ ಕಂಪನಿಯ ನೆಲದ ಮೇಲೆ, ಇನ್ನೊಂದು ಕಂಪನಿಯ ಬಿಸಿಲಿನಲ್ಲಿ, ಹೆಂಗಸರು ಎಂದಿನಂತೆ ಬುತ್ತಿ ಹಿಡಿದು, ಕೂಸುಗಳನ್ನು ಹೆಗಲಿಗೇರಿಸಿ ಬರುತ್ತಿದ್ದರು. ರಾತ್ರಿ ಕಳೆಯುವುದರೊಳಗೆ ಇಷ್ಟೆಲ್ಲ ಕೈ ಬದಲಾಗಿತ್ತು. ಒಂದು ಮಗುವಿನ ನಿದ್ದೆಯೂ ಕೆಟ್ಟಿರಲಿಲ್ಲ.

ಒಬ್ಬಳು ತನ್ನ ಕೂಸನ್ನು ಚಿಕ್ಕಮ್ಮನತ್ತ ಚಾಚಿದಳು. ನಾನು ಬಾಗಿಲಿಗೆ ಅಡ್ಡವಾಗಿ, ಬಾಯಿ ಬಿಟ್ಟು ನೋಡುತ್ತ ನಿಂತಿದ್ದೆ.

“ಪಕ್ಕಕ್ಕೆ ನಿಂತ್ಕೊಳ್ಳೇ,” ಎಂದಳು ಚಿಕ್ಕಮ್ಮ. “ಮಗು ಇಸ್ಕೋಬೇಕು.”